ಸದ್ಯಕ್ಕೆ ಹೀಗಿರಲಿ

ನಮ್ಮ ಮನೆಗಳಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಕೇಳಿಬರುವ ಮಾತು, ‘ಸದ್ಯಕ್ಕೆ ಹೀಗಿರಲಿ’ ಎಂಬುದು. ಸೋರುವ ನಲ್ಲಿಗೆ ಬಟ್ಟೆ ಸುತ್ತಿದಾಗ, ಕುಂಟುವ ಮೇಜಿನ ಕಾಲಿಗೆ ಹಳೆಯ ಪತ್ರಿಕೆ ಮಡಿಸಿಟ್ಟಾಗ, ಕಿತ್ತ ಚಪ್ಪಲಿಗೆ ಪಿನ್ನು ಚುಚ್ಚಿದಾಗ ಈ ಮಂತ್ರವನ್ನು ಹೇಳಿಯೇ ಹೇಳುತ್ತೇವೆ. ಮಾತು ಚಿಕ್ಕದಾದರೂ ಅದರೊಳಗೆ ಒಂದು ವಾಗ್ದಾನ ಅಡಗಿದೆ. ‘ಸದ್ಯಕ್ಕೆ’ ಎಂದವನು ‘ಮುಂದೆ ಸರಿಪಡಿಸುತ್ತೇನೆ’ ಎಂದೂ ಹೇಳಿದಂತಾಯಿತಲ್ಲವೆ? ಈ ವಾಗ್ದಾನಕ್ಕೆ ಆಯುಸ್ಸೆಷ್ಟು, ಅದನ್ನು ನಡೆಸಿಕೊಡಬೇಕಾದವರು ಯಾರು? ತೇಪೆಯ ಕೆಲಸದಲ್ಲಿಯೂ ಧರ್ಮಾಧರ್ಮದ ಪ್ರಶ್ನೆಯೊಂದು ಉಂಟೆಂದು ನನಗೆ ತೋರಿದ್ದು ಒಂದು ದಸರಾ ರಜೆಯಲ್ಲಿ, ಪೆರೇಸಂದ್ರದಲ್ಲಿ.

ಬೆಂಗಳೂರು–ಹೈದರಾಬಾದು ಹೆದ್ದಾರಿಯಲ್ಲಿ ಹೋಗಿಬರುವವರಿಗೆ ಪೆರೇಸಂದ್ರ ಹೊಸದಲ್ಲ. ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿಯ ಕಡೆಗೆ ಸಾಗುವಾಗ, ಗುಡಿಬಂಡೆಗೆ ದಾರಿ ತಿರುಗುವ ಊರು. ಅಲ್ಲಿ ನೆಂಟರ ಮನೆಯಲ್ಲಿದ್ದಾಗ ನನ್ನ ಕನ್ನಡಕದ ಒಂದು ಕಡ್ಡಿ ಕಳಚಿ ಕೈಗೆ ಬಂತು. ಕೀಲಿನ ತಿರುಪು ಸಾಸಿವೆ ಕಾಳಿನಷ್ಟು. ಅದನ್ನು ಹುಡುಕಲು ಕನ್ನಡಕವೇ ಬೇಕು! ಅಂದು ಆಯುಧಪೂಜೆ. ಊರಿನ ತಿರುಪುಳಿಗಳೆಲ್ಲ ಕುಂಕುಮವಿಟ್ಟುಕೊಂಡು ದೇವರ ಮುಂದೆ ಕುಳಿತಿದ್ದವು; ಮುಟ್ಟುವಂತಿಲ್ಲ. ಬೆಂಕಿಕಡ್ಡಿಯನ್ನು ಸೀಳಿ ಕೀಲಿಗೆ ತುರುಕಿದೆ, ಗಳಿಗೆಯೊಳಗೆ ಮುರಿಯಿತು. ಕೊನೆಗೆ ನೆರವಾದವರು ಎದುರುಮನೆಯ ಜಗುಲಿಯಲ್ಲಿ ಸೇವಂತಿಗೆ ಕಟ್ಟುತ್ತಿದ್ದ ಅಜ್ಜಿ. “ಆ ಕಳ್ಳಜೋಡು ಇಲ್ಲಿ ಕೊಡಿ ಮೇಷ್ಟ್ರೇ” ಎಂದರು. ಆ ಸೀಮೆಯಲ್ಲಿ ಕನ್ನಡ ತೆಲುಗು ಎರಡೂ ಒಂದೇ ನಾಲಗೆಯ ಮೇಲೆ ಆಡುತ್ತವೆ. ಕನ್ನಡದ ಕಿವಿಗೆ ಕಳ್ಳನ ಚಪ್ಪಲಿಯೆಂದು ಕೇಳಿಸುವ ಮಾತು ತೆಲುಗಿನಲ್ಲಿ ಕನ್ನಡಕ. ಹೂವಿನ ದಾರದ ಒಂದೆಳೆಯನ್ನು ನೆನೆಸಿ, ಹೊಸೆದು, ಕೀಲಿನ ತೂತಿನಲ್ಲಿ ಎರಡು ಸಲ ತೂರಿಸಿ ಗಂಟು ಬಿಗಿದರು. ಕಡ್ಡಿ ನಿಂತಿತು. ಮಡಿಸಲು ಬಾರದು, ಆದರೆ ಓದಲು ಅಡ್ಡಿಯಿಲ್ಲ.

“ಊರಿಗೆ ಹೋದ್ಮೇಲೆ ಸರಿಯಾಗಿ ತಿರುಪು ಹಾಕಿಸ್ಕೊಳ್ಳಿ” ಎಂದರು ಅಜ್ಜಿ. ಕನ್ನಡಕ ಏರಿಸಿ ಅವರ ಮುಖ ನೋಡಿದೆ. ಅವರ ಕನ್ನಡಕದ ಎರಡು ಕೀಲಿಗೂ ಇಂಥದೇ ದಾರ; ಎಣ್ಣೆ ಹಿಡಿದು ಕಪ್ಪಾಗಿತ್ತು. ಎಷ್ಟು ದಿನವಾಯಿತೆಂದು ಕೇಳಿದರೆ, “ಮೂರು ಯುಗಾದಿ ಆಯ್ತು” ಎಂದರು.

ದಾರವನ್ನು ಹಳಿಯುವುದು ತರವಲ್ಲ. 13ನೆಯ ಶತಮಾನದ ಕೊನೆಗೆ ಇಟಲಿಯಲ್ಲಿ ಹುಟ್ಟಿದ ಕನ್ನಡಕಕ್ಕೆ ಕಡ್ಡಿಗಳೇ ಇರಲಿಲ್ಲ. ವಿಜಯನಗರ ಕಾಲದ ವ್ಯಾಸರಾಯರು ಅಂಥ ಸಾಧನವೊಂದರ ನೆರವಿನಿಂದ ಓದುತ್ತಿದ್ದರೆಂಬ ಮಾತು ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿದೆಯೆಂದು ಸಂಶೋಧಕ ಪಿ. ಕೆ. ಗೋಡೆಯವರು ತೋರಿಸಿಕೊಟ್ಟಿದ್ದಾರೆ. ವ್ಯಾಸರಾಯರು ವೃಂದಾವನಸ್ಥರಾದದ್ದು 1539ರಲ್ಲಿ. ಕಿವಿಗೆ ಸಿಕ್ಕಿಸುವ ಗಟ್ಟಿ ಕಡ್ಡಿ ಬಳಕೆಗೆ ಬಂದದ್ದು 18ನೆಯ ಶತಮಾನದಲ್ಲಿ. ಅದಕ್ಕೆ ಮುಂಚೆ ದಾರದ ಕುಣಿಕೆಯನ್ನು ಕಿವಿಗೆ ಹಾಕಿಕೊಂಡು ಓದಿದವರುಂಟು. ದಾರ ತಿರುಪಿಗೆ ಅಣ್ಣನೇ ಸರಿ.

ಹಾಗಾದರೆ ತೇಪೆ ತಪ್ಪಾಗುವುದು ಯಾವಾಗ? ನಮ್ಮ ಹಿರಿಯರು ಇದನ್ನು ಆಪದ್ಧರ್ಮವೆಂದು ಕರೆದು, ಮಹಾಭಾರತದ ಶಾಂತಿಪರ್ವದಲ್ಲಿ ಅದಕ್ಕೊಂದು ಭಾಗವನ್ನೇ ಮೀಸಲಿಟ್ಟರು. ಅದರ ಎಲ್ಲೆಯನ್ನು ಸೊಗಸಾಗಿ ತೋರಿಸುವುದು ಛಾಂದೋಗ್ಯ ಉಪನಿಷತ್ತಿನ ಉಷಸ್ತಿ ಚಾಕ್ರಾಯಣನ ಕಥೆ. ಕುರುದೇಶದಲ್ಲಿ ಪೈರು ಹಾಳಾಗಿ ಅವನು ಹಸಿವಿನಿಂದ ಕಂಗೆಟ್ಟಿದ್ದ. ಆನೆಯವನೊಬ್ಬ ತಿನ್ನುತ್ತಿದ್ದ ಕಾಳನ್ನೇ ಬೇಡಿ ತಿಂದ. ಆತ ನೀರನ್ನೂ ಕೊಡಹೋದಾಗ, ಎಂಜಲೆಂದು ಬೇಡವೆಂದ. ಕಾಳು ಎಂಜಲಲ್ಲವೋ ಎಂದು ಕೇಳಿದ್ದಕ್ಕೆ, ಅದನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರಾದರೋ ಬೇಕಾದಲ್ಲಿ ಸಿಗುತ್ತದೆ ಎಂದನಂತೆ. ಆಪತ್ತು ಎಷ್ಟೋ ವಿನಾಯಿತಿ ಅಷ್ಟೆ. ಕಾಳಿಗೆ ಸಿಕ್ಕ ಅನುಮತಿ ನೀರಿಗೆ ಹಬ್ಬುವುದಿಲ್ಲ.

ಈ ಅಳತೆಗೋಲು ಹಿಡಿದರೆ ಅಜ್ಜಿಯ ಮೂರು ವರ್ಷದ ದಾರ ಅತಿಯಾಯಿತು ಎನ್ನಬೇಕೆ? ಇಲ್ಲಿ ಸ್ವಲ್ಪ ತಡೆಯಬೇಕು. ಉಷಸ್ತಿಗೆ ನೀರು ಕೈಗೆಟುಕುವಂತಿತ್ತು. ಅಜ್ಜಿಗೆ ಚಿಕ್ಕಬಳ್ಳಾಪುರಕ್ಕೆ ಹೋಗಿಬರುವುದೆಂದರೆ ಒಂದು ದಿನದ ಸಂಪಾದನೆ ಹೋಯಿತು; ಬಸ್ಸು ಹತ್ತಿಸಿ ಇಳಿಸಲು ಜೊತೆಗೊಬ್ಬರು ಬೇಕು. ಅವರ ಆಪತ್ತು ಇನ್ನೂ ಮುಗಿದಿರಲಿಲ್ಲ. ಹಬ್ಬ ಕಳೆದ ಮೇಲೆ ನಾನು ಹೇಗೂ ಅಲ್ಲಿಗೆ ಹೋಗುವವನಿದ್ದೆ. ಎರಡು ಕನ್ನಡಕಗಳನ್ನೂ ಒಯ್ದೆ. ಅಂಗಡಿಯವರಿಗೆ ಹಿಡಿದದ್ದು ಹತ್ತು ನಿಮಿಷ. ಹತ್ತು ನಿಮಿಷದ ಕೆಲಸ ಮೂರು ವರ್ಷ ಕಾದಿತ್ತು; ತಿರುಪು ಸಿಗದೆ ಅಲ್ಲ, ಅದು ತಮ್ಮ ಕೆಲಸವೆಂದು ಯಾರಿಗೂ ತೋರದೆ.

ಕೈಲಾಗದವರ ‘ಸದ್ಯಕ್ಕೆ’ ಒಂದು, ಕೈಲಾಗುವವರ ‘ಸದ್ಯಕ್ಕೆ’ ಇನ್ನೊಂದು. 1857ರ ಸಂಗ್ರಾಮದ ಖರ್ಚು ತುಂಬಿಕೊಳ್ಳಲೆಂದು ಜೇಮ್ಸ್ ವಿಲ್ಸನ್ 1860ರಲ್ಲಿ ಐದು ವರ್ಷಗಳ ಮಟ್ಟಿಗೆ ತಂದ ವರಮಾನ ತೆರಿಗೆ 1865ರಲ್ಲಿ ನಿಂತಿತು. ಆದರೆ ವೇಷ ಬದಲಿಸಿ ಮತ್ತೆ ಮತ್ತೆ ಬಂದು, 1886ರ ಕಾಯಿದೆಯೊಡನೆ ಮನೆಯವನಾಗಿಯೇ ನೆಲೆಸಿತು. ಅದನ್ನು ನಗುತ್ತ ಸಹಿಸಬಹುದು. ನಗಲಾಗದ್ದೂ ಉಂಟು. ನಮ್ಮ ಸರಕಾರಿ ಕಾಲೇಜುಗಳಲ್ಲಿ ಸಾವಿರಾರು ಮಂದಿ ‘ಅತಿಥಿ ಉಪನ್ಯಾಸಕ’ರಿದ್ದಾರೆ. ಅತಿಥಿ ಎಂದರೆ ಒಂದು ತಿಥಿಯಷ್ಟೂ ನಿಲ್ಲದವನೆಂದು ಹಿಂದಿನವರು ಅರ್ಥ ಹೇಳುತ್ತಿದ್ದರು. ಇವರಲ್ಲಿ ಅನೇಕರು ಹತ್ತಾರು ವರ್ಷ ಪಾಠ ಹೇಳಿ, ತಲೆ ನರೆತರೂ, ಅತಿಥಿಗಳೇ. ಖಾಲಿ ಹುದ್ದೆ ತುಂಬುವವರೆಗೆಂದು ಕಟ್ಟಿದ ದಾರವಿದು. ಪಾಠ ನಡೆಯುತ್ತಿದೆ, ಪರೀಕ್ಷೆ ನಡೆಯುತ್ತಿದೆ. ಇನ್ನು ತಿರುಪೇಕೆ ಎಂಬ ನಿಶ್ಚಿಂತೆ ದಾರ ಕಟ್ಟಿಸಿದವರದು. ಎಳೆತ ಮಾತ್ರ ದಾರಕ್ಕೆ.

ತೇಪೆ ಹಾಕುವುದು ಜಾಣತನ. ಅದಿಲ್ಲದೆ ಸಂಸಾರವೂ ಸಾಗದು, ಸರಕಾರವೂ ಸಾಗದು. ಆದರೆ ತಿರುಪು ಹಾಕಿಸುವ ಶಕ್ತಿಯಿದ್ದವರು ‘ಸದ್ಯಕ್ಕೆ’ ಎಂದಾಗ, ಎಂದಿನವರೆಗೆ ಎಂದು ಕೇಳುವ ಹಕ್ಕು ಉಳಿದವರಿಗಿದೆ. ತಾರೀಖು ಹೇಳದ ‘ಸದ್ಯಕ್ಕೆ’ ವಾಗ್ದಾನವೇ ಅಲ್ಲ.