ಕಾಳಿ ಮತ್ತು ಹೆಸರಿಲ್ಲದ ಹಂದಿ

ಗೋವಿನ ಹಾಡಿನ ಹುಲಿ ಯಾಕೆ ಸಾಯಬೇಕಿತ್ತು? ಮಗಳು ಚಿಕ್ಕವಳಿದ್ದಾಗ ಕೇಳಿದ ಪ್ರಶ್ನೆ ಇದು. ಹುಲಿ ಹಸಿದಿತ್ತು, ಎದುರಿಗೆ ಸಿಕ್ಕ ಹಸುವನ್ನು ತಡೆಯಿತು. ಪುಣ್ಯಕೋಟಿ ಮಾತಿಗೆ ತಪ್ಪದೆ ಮರಳಿ ಬಂದಾಗ, ತಿನ್ನಲು ಮನಸ್ಸಾಗದೆ ತನ್ನ ಪಾಡಿಗೆ ಕಾಡು ಸೇರಬಹುದಿತ್ತಲ್ಲ? ಹಾಡು ಅದನ್ನು ಹಾಗೆ ಬಿಡುವುದಿಲ್ಲ. ಮನುಷ್ಯರ ಪಶ್ಚಾತ್ತಾಪವನ್ನೆಲ್ಲ ಅದರ ತಲೆಗೆ ಹೊರಿಸಿ, ನೆಗೆದು ಪ್ರಾಣ ಬಿಡುವಂತೆ ಮಾಡುತ್ತದೆ. ಮಗಳಿಗೆ ಆಗ ಏನೋ ಹೇಳಿ ಜಾರಿಕೊಂಡೆ.

ನಮ್ಮ ಕಥೆಗಳ ಪ್ರಾಣಿಗಳ ಪಾಡು ಬಹುಮಟ್ಟಿಗೆ ಇದೇ. ಪಂಚತಂತ್ರದ ನರಿಗಳು ಆಸ್ಥಾನದ ಮಂತ್ರಿಗಳು. ಬಾಲವೊಂದು ಹೆಚ್ಚು, ಅಷ್ಟೆ. ಬೇಲೂರಿನಲ್ಲಿ ಸಳನೊಡನೆ ಕಾದುತ್ತಿರುವ ಮೃಗ ಹುಲಿಯೋ ಸಿಂಹವೋ ಎಂದು ಇವತ್ತಿಗೂ ವಾದಿಸುತ್ತೇವೆ. ಶಿಲ್ಪಿಗೆ ಬೇಕಿದ್ದದ್ದು ಮೃಗವಲ್ಲ, ಸಳನ ಶೌರ್ಯ.

ಈ ಗುಂಪಿಗೆ ಸೇರದ ಒಂದು ನಾಯಿ ಇದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮೊದಲ ಸಲ ಅದರ ಕಲ್ಲನ್ನು ನೋಡಿದಾಗ, ಯಾವುದೋ ಬೇಟೆಯ ಚಿತ್ರವೆಂದುಕೊಂಡು ಮುಂದೆ ಹೋಗುವವನಿದ್ದೆ. ನಾಯಿಯೊಂದು, ಹಂದಿಯೊಂದು, ಒಂದರ ಮೇಲೊಂದು ಬಿದ್ದು ಕಾದಾಡುತ್ತಿವೆ. ಸುತ್ತ ಹಳಗನ್ನಡದ ಅಕ್ಷರ. ಮದ್ದೂರು ಸೀಮೆಯ ಆತಕೂರಿನ ಶಾಸನ ಅದು, ಶಕ 872ರದ್ದು, ಅಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತದ್ದು ಅದರಲ್ಲಿದೆ. ಇತಿಹಾಸದವರು ಅದಕ್ಕಾಗಿಯೇ ಓದುತ್ತಾರೆ. ಕಲ್ಲು ನಿಲ್ಲಿಸಿದ್ದು ಮಾತ್ರ ರಾಜಾದಿತ್ಯನಿಗಲ್ಲ. ಗಂಗ ಬೂತುಗನ ಆಳು ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ದೊರೆ, ಏನು ಬೇಕೋ ಬೇಡಿಕೋ ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿಯನ್ನು, ಒಂದು ಬೇಟೆನಾಯಿಯನ್ನು. ಮುಂದೆ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಆತಕೂರಿನ ಗುಡಿಯ ಮುಂದೆ ಕಲ್ಲು ನೆಟ್ಟು, ಅದರ ಪೂಜೆ ನಡೆಯಲೆಂದು ಭೂಮಿ ಬಿಟ್ಟರು.

ಕಾಳಿ ಮಾತಾಡುವುದಿಲ್ಲ, ಯಾರಿಗೂ ನೀತಿ ಹೇಳುವುದಿಲ್ಲ. ಅದು ನಾಯಿ, ನಾಯಿಯ ಹಾಗೆಯೇ ಸತ್ತಿತು. ವೀರರಿಗೆ ಸಲ್ಲುವ ಕಲ್ಲು ಅದಕ್ಕೂ ಸಂದಿತು. ಸಾವಿರ ವರ್ಷಗಳ ಮೇಲೆ ತೇಜಸ್ವಿಯವರ ‘ಪರಿಸರದ ಕತೆ’ಯಲ್ಲಿ ಕಿವಿ ಎಂಬ ನಾಯಿ ಬರೀ ನಾಯಿಯಾಗಿ ಓಡಾಡುವುದನ್ನು ಓದುವಾಗ ನನಗೆ ಕಾಳಿಯ ನೆನಪಾಗುತ್ತದೆ.

ಹೀಗೆಂದು ಬೀಗುತ್ತಿದ್ದ ನನ್ನನ್ನು ಎರಡನೆಯ ಭೇಟಿ ತಡೆಯಿತು. ಕಾಳಿಯನ್ನು ನೆನೆದದ್ದು ಅದು ನಾಯಿಯೆಂದೋ, ಮಣಲೇರನ ನಾಯಿಯೆಂದೋ? ಕಲ್ಲಿನಲ್ಲಿ ಹಂದಿಯೂ ಅಷ್ಟೇ ಜಾಗ ಹಿಡಿದಿದೆ, ಅಷ್ಟೇ ಬಲವಾಗಿ ಕಾದಿದೆ. ಬಾದಾಮಿಯ ಚಾಲುಕ್ಯರು ಇದೇ ಪ್ರಾಣಿಯನ್ನು ವರಾಹವೆಂದು ಕರೆದು ರಾಜಮುದ್ರೆಯಲ್ಲಿಟ್ಟು ಪೂಜಿಸಿದ್ದರು. ಆತಕೂರಿನದಕ್ಕೆ ಒಡೆಯನಿರಲಿಲ್ಲ. ಅದು ತನ್ನ ಕಾಡಿನಲ್ಲಿ ತನ್ನ ಜೀವಕ್ಕಾಗಿ ಕಾದಿತು.

ಶಾಸನದಲ್ಲಿ ಅದಕ್ಕೆ ಹೆಸರಿಲ್ಲ.