ಮೈಯೆಲ್ಲ ಬಾಯಿ

ಮಸಾಲೆ ಖಾರಕ್ಕೆಂದು ದುರ್ಗದಬೈಲಿನಿಂದ ತಂದ ಪೊಟ್ಟಣ ಬಿಚ್ಚಿದರೆ ಚಕ್ಕೆ, ಲವಂಗ, ಮೊಗ್ಗಿನ ನಡುವೆ ಒಣಗಿ ಸುರುಟಿದ ಚೂರೊಂದು ಸಿಗುತ್ತದೆ. ಒಂದು ಮಗ್ಗುಲು ಬೂದಿ, ಇನ್ನೊಂದು ಕಡುಗಪ್ಪು. ಕಲ್ಲುಹೂವು ಅನ್ನುತ್ತೇವೆ; ದಗಡಫೂಲ ಅನ್ನುವವರೂ ಉಂಟು. ಹೂವಂತೂ ಅಲ್ಲ, ಗಿಡವೂ ಅಲ್ಲ. ಒಂದು ಶಿಲೀಂಧ್ರ, ಒಂದು ಪಾಚಿ ಕೂಡಿ ಕಟ್ಟಿಕೊಂಡ ಒಂದೇ ಮೈ. 1860ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್ ಈ ಮಾತು ಹೇಳಿದಾಗ ಕಲ್ಲುಹೂವಿನ ಅಂದಿನ ದೊಡ್ಡ ಪಂಡಿತರೇ ಒಪ್ಪಿರಲಿಲ್ಲ.

ನಿನ್ನೆ ಆ ಚೂರನ್ನು ತಟ್ಟೆಯಲ್ಲಿಟ್ಟು ನಾಲ್ಕು ಹನಿ ನೀರು ಚಿಮುಕಿಸಿದೆ. ಸುರುಳಿ ಮೆಲ್ಲಗೆ ಬಿಚ್ಚಿಕೊಂಡಿತು, ಬೂದಿಯೊಳಗಿಂದ ಹಸಿರು ಛಾಯೆ ಮೂಡಿತು. ಮೇಲಿನದು ಶಿಲೀಂಧ್ರದ ಎಳೆಗಳು ಒತ್ತಾಗಿ ಹೆಣೆದುಕೊಂಡ ಹೊದಿಕೆ. ನೆನೆದರೆ ಅದು ತಿಳಿಯಾಗಿ, ಕೆಳಗಿನ ಪಾಚಿಯ ಪದರ ಕಾಣುತ್ತದೆ. ಬಿಸಿಲು ಹಿಡಿದು ಅನ್ನ ಮಾಡುವುದು ಪಾಚಿಯ ಕೆಲಸ. ನೆರಳು, ತೇವ ಕೊಡುವುದು ಶಿಲೀಂಧ್ರದ್ದು. ಬೇರು, ಕಾಂಡ, ಎಲೆ ಎಂಬ ಪಾಲುಪಟ್ಟಿ ಇಲ್ಲಿಲ್ಲ. ಇಂಥ ಮೈಗೆ ಥ್ಯಾಲಸ್ ಎಂದು ಹೆಸರು. ಗ್ರೀಕಿನಲ್ಲಿ ಅದು ಚಿಗುರು.

ಇಂಥದೇ ಇನ್ನೊಂದು ಮೈ ಕಾಣಬೇಕೆಂದರೆ ಮಳೆಗಾಲದಲ್ಲಿ ಕೇಶ್ವಾಪುರದ ಹಿತ್ತಲ ಬಚ್ಚಲ ಮೋರಿಯ ಅಂಚಿಗೆ ಕೂತು ನೋಡಿ. ಹಸಿ ಮಣ್ಣಿಗೆ ಅಂಟಿಕೊಂಡ, ತುದಿ ಕವಲೊಡೆದ ಹಸಿರು ಪಟ್ಟಿಗಳು ಕಂಡರೆ ಅದು ರಿಕ್ಸಿಯಾ ಇರಬಹುದು. ಇದು ಹಾವಸೆಯ ಹತ್ತಿರದ ಬಳಗ, ಕಲ್ಲುಹೂವಿನ ನಂಟಲ್ಲ. ಆದರೂ ಮೈಕಟ್ಟು ಅಷ್ಟೇ ಸರಳ. ಮುಂದೆ ಬೆಳೆಯುತ್ತ ಹಿಂದೆ ಕೊಳೆಯುತ್ತ ಬರುತ್ತದೆ. ಕೊಳೆತವು ಕವಲಿನ ಬುಡ ಮುಟ್ಟಿತೋ, ಒಂದಿದ್ದದ್ದು ಎರಡಾಗುತ್ತದೆ. ಹುಟ್ಟು ಸಾವು ಇಷ್ಟು ಹತ್ತಿರ ಕೂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೇರಿಲ್ಲದ ಕಲ್ಲುಹೂವು ಮಳೆ, ಮಂಜು, ಇಬ್ಬನಿ ಎಲ್ಲವನ್ನೂ ಇಡೀ ಮೈಯಿಂದ ಕುಡಿಯುತ್ತದೆ. ಅಡಿಯ ಕಪ್ಪು ಕೂದಲುಗಳು ಮುಖ್ಯವಾಗಿ ಹಿಡಿದುಕೊಳ್ಳಲು. ಎಲೆಗಾದರೆ ಮೇಣದ ಲೇಪ, ತೆರೆದು ಮುಚ್ಚುವ ರಂಧ್ರಗಳು ಉಂಟು. ಇದಕ್ಕೆ ಮುಚ್ಚಿಕೊಳ್ಳಲು ಕದವೇ ಇಲ್ಲ. ಗಾಳಿ ತಂದ ಹೊಗೆ, ಗಂಧಕದ ವಿಷವೂ ಅದೇ ದಾರಿಯಲ್ಲಿ ಒಳಗಿಳಿಯುತ್ತವೆ. ಪ್ಯಾರಿಸಿನ ಲಕ್ಸೆಂಬರ್ಗ್ ಉದ್ಯಾನದಲ್ಲಿ ಕಲ್ಲುಹೂವು ನೋಡುತ್ತ ಸಸ್ಯವಿಜ್ಞಾನಿ ವಿಲಿಯಂ ನೈಲಾಂಡರ್ 1866ರಲ್ಲೇ ಬರೆದಿದ್ದ: ಇವು ಊರಿನ ಗಾಳಿ ಎಷ್ಟು ಶುದ್ಧ ಎಂದು ಅಳೆಯುವ ಅಳತೆಗೋಲು.

ನಮ್ಮ ಓಣಿಯ ಹಳೇ ಕಲ್ಲಿನ ಕಂಪೌಂಡಿನ ಮೇಲೂ ಬೂದಿ ಬಣ್ಣದ ಬೊಟ್ಟುಗಳಿವೆ. ಕಲ್ಲಿಗೆ ಕಚ್ಚಿದ ಈ ಜಾತಿ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಹಬ್ಬಿದರೆ ಹೆಚ್ಚು. ರೂಪಾಯಿ ನಾಣ್ಯದಷ್ಟಾಗಲು ಹತ್ತು ವರ್ಷವೇ ಹಿಡಿದಿರಬಹುದು. ದೀಪಾವಳಿಗೆ ಸುಣ್ಣ ಬಣ್ಣದವರು ಬರುತ್ತಾರೆ, ತಂತಿ ಬ್ರಷ್ಷಿನಿಂದ ಎರಡು ಸಲ ಉಜ್ಜಿದರೆ ಮುಗಿಯಿತು. ಈ ಸಲ ಬೇವಿನ ನೆರಳಿನ ನಾಲ್ಕು ಕಲ್ಲು ಮುಟ್ಟಬೇಡಿ ಎಂದು ಈಗಲೇ ಹೇಳಿಟ್ಟಿದ್ದೇನೆ.