ಕಾಯಕದ ಗಳಿಕೆಯೂ ತೆರಿಗೆಯ ನ್ಯಾಯವೂ

ಸತ್ಯಶುದ್ಧ ಕಾಯಕದಿಂದ ಬಂದ ಗಳಿಕೆಯಲ್ಲಿ ಸಮಾಜಕ್ಕೂ ಪಾಲುಂಟೆಂಬುದು ಶರಣರ ನಿಲುವು. ಆ ಪಾಲನ್ನು ಮನವೊಪ್ಪಿ ಸಲ್ಲಿಸಿದರೆ ಅದು ದಾಸೋಹ. ರಾಜ್ಯವು ಶಾಸನದ ಬಲದಿಂದ ಪಡೆದರೆ ಅದು ತೆರಿಗೆ. ದಾಸೋಹವು ಕೊಡುವವನ ಭಾವವನ್ನು ನೋಡುತ್ತದೆ. ತೆರಿಗೆಯು ಅವನ ಲೆಕ್ಕವನ್ನು ನೋಡುತ್ತದೆ. ಬಲವು ಸೇರಿದೆಡೆಯಲ್ಲಿ ನ್ಯಾಯದ ವಿಚಾರ ಅವಶ್ಯವಾಗುತ್ತದೆ. ವರಮಾನ ತೆರಿಗೆಯ ಹೊರೆ ಸಮನಾಗಿ ಬಿದ್ದಿದೆಯೆ? ಅದನ್ನು ಎತ್ತುವ ವೆಚ್ಚವನ್ನು ಹೊರುವವರು ಯಾರು?

ಭಾರತದಲ್ಲಿ ಈ ತೆರಿಗೆಯನ್ನು 1860ರಲ್ಲಿ ಜೇಮ್ಸ್ ವಿಲ್ಸನ್ ಮೊದಲಿಗೆ ತಂದನು. 1857ರ ದಂಗೆಯ ತರುವಾಯ ಬರಿದಾದ ಬೊಕ್ಕಸವನ್ನು ತುಂಬುವುದು ಅದರ ಉದ್ದೇಶವಾಗಿತ್ತು. 1973-74ರಲ್ಲಿ ಅತ್ಯುಚ್ಚ ಮಟ್ಟದ ವರಮಾನದ ಮೇಲಿನ ದರ ನೂರಕ್ಕೆ 97.75ರಷ್ಟಿತ್ತು. ಆ ಮಟ್ಟದಲ್ಲಿ ಗಳಿಸಿದ ನೂರು ರೂಪಾಯಿಯಲ್ಲಿ ಎರಡೂಕಾಲು ರೂಪಾಯಿ ಮಾತ್ರ ಗಳಿಸಿದವನಿಗೆ ಉಳಿಯುತ್ತಿತ್ತು. ಇಂಥ ದರವೇ ಮರೆಮಾಚುವಿಕೆಗೆ ಪ್ರೇರಣೆಯೆಂದು ವಾಂಛೂ ಸಮಿತಿಯು 1971ರಲ್ಲಿಯೇ ಎಚ್ಚರಿಸಿತ್ತು. 1974-75ರಲ್ಲಿ ದರವನ್ನು ಇಳಿಸಲಾಯಿತು.

ಇನ್ನು ವಸೂಲಿಯ ವೆಚ್ಚ. ನೂರು ರೂಪಾಯಿ ನೇರ ತೆರಿಗೆಯನ್ನು ಎತ್ತಲು ಸರ್ಕಾರಕ್ಕೆ 2000-01ರಲ್ಲಿ 1 ರೂಪಾಯಿ 36 ಪೈಸೆ ತಗಲಿತು. 2023-24ರಲ್ಲಿ 44 ಪೈಸೆ ಸಾಕಾಯಿತು. ಇದು ಮೆಚ್ಚತಕ್ಕ ಸಂಗತಿಯೇ ಸರಿ. ಆದರೆ ಇದು ಸರ್ಕಾರದ ಖರ್ಚು ಮಾತ್ರ. ಸಂಬಳದಿಂದ ತೆರಿಗೆಯನ್ನು ಮುರಿದು ಕಟ್ಟುವ ಧಣಿಯ ಶ್ರಮ, ಲೆಕ್ಕಪತ್ರ ಸಿದ್ಧಪಡಿಸುವವರಿಗೆ ತೆತ್ತ ಹಣ, ವ್ಯಾಜ್ಯದಲ್ಲಿ ಕಳೆದ ದಿನಗಳು, ಇವು ಆ 44 ಪೈಸೆಯಲ್ಲಿ ಸೇರಿಲ್ಲ. ತೆರಿಗೆಯ ಕಿರುಕುಳವೂ ಒಂದು ಬಗೆಯ ವೆಚ್ಚವೆಂದು ಆಡಮ್ ಸ್ಮಿತ್ 1776ರಷ್ಟು ಹಿಂದೆಯೇ ಹೇಳಿದ್ದಾನೆ.

ಈ ಹೊರೆ ಎಲ್ಲರಿಗೂ ಒಂದೇ ಸಮನಲ್ಲ. ಸಂಬಳಗಾರನ ತೆರಿಗೆ ಅವನ ಕೈಗೆ ಹಣ ಬರುವ ಮುನ್ನವೇ ಮುರಿದುಹೋಗುತ್ತದೆ. ತನ್ನ ವ್ಯವಹಾರದ ಲೆಕ್ಕವನ್ನು ತಾನೇ ಬರೆದುಕೊಳ್ಳುವವನಿಗೆ ಮರೆಯಿಡುವ ಅವಕಾಶ ಹೆಚ್ಚು. ಬೇಸಾಯದ ವರಮಾನಕ್ಕೆ ಕೇಂದ್ರದ ತೆರಿಗೆಯಿಂದ ವಿನಾಯಿತಿ ಉಂಟು. ಬಡ ರೈತನಿಗೆ ಅದು ರಕ್ಷೆ, ಅನ್ಯ ಗಳಿಕೆಯನ್ನು ಬೇಸಾಯದ ಹೆಸರಿನಲ್ಲಿ ತೋರಿಸುವವನಿಗೆ ಅದು ಮುಸುಕು. ಕಳ್ಳಲೆಕ್ಕವನ್ನು ಹಿಡಿಯಲೆಂದು ನಿಯಮಗಳನ್ನು ಬಿಗಿಗೊಳಿಸಿದಂತೆಲ್ಲ ಅವುಗಳ ತೊಡಕು ಮೊದಲು ತಟ್ಟುವುದು ಪ್ರಾಮಾಣಿಕನನ್ನೇ. ವಂಚಕನ ಪಾಲಿನ ತೆರಿಗೆಯನ್ನೂ, ವಂಚಕನನ್ನು ಹುಡುಕುವ ವೆಚ್ಚವನ್ನೂ ಅವನೇ ಹೊರಬೇಕಾಗುತ್ತದೆ. ಆದುದರಿಂದ ತೆರಿಗೆಯನ್ನು ಮರೆಸುವವನು ವಂಚಿಸುವುದು ಸರ್ಕಾರವನ್ನಲ್ಲ, ನೆರೆಯವನನ್ನು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ತಂದಲ್ಲಿಯೇ ಸುರಿದುಬರಲು ಹೇಳಿದಳೆಂಬುದು ಪ್ರಸಿದ್ಧ. ಆಕೆಯ ಮಾತು ಗಳಿಸುವವನಿಗೂ ಸಲ್ಲುತ್ತದೆ, ಬೊಕ್ಕಸವನ್ನಾಳುವವರಿಗೂ ಸಲ್ಲುತ್ತದೆ. ಕೊಡಬೇಕಾದುದನ್ನು ಬಚ್ಚಿಟ್ಟರೆ ಅದು ಪರಧನ. ಬೇಕಾದುದಕ್ಕಿಂತ ಮಿಗಿಲಾಗಿ ಎತ್ತಿದರೆ ಅದೂ ಪರಧನ. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಪ್ರಜೆಯ ಲೆಕ್ಕ ಶುದ್ಧವಾಗಿರಬೇಕೆಂದು ಬಯಸುವ ಭಂಡಾರವು ತನ್ನ ಲೆಕ್ಕವನ್ನು ಮೊದಲು ಶುದ್ಧವಾಗಿಡಬೇಕು.